ನಲವತ್ತು ಜನ ಕೂರುವ ಟ್ರಾಲಿ

ಗೆಳೆಯರೇ, "ಹಳೆಯ ಅಮೆರಿಕನ್ ಟ್ರಾಲಿಗಳಿವೆ, ಬೇಕಾದವರು ಒಯ್ಯಬಹುದು" ಎಂದು ಬೆಳಿಗ್ಗೆ ದುಬೈಯ ಮುರಕ್ಕಬಾತ್‌ನ ನಮ್ಮ ಬಿಲ್ಡಿಂಗಿನ ಕನ್ನಡ ಗ್ರೂಪಿನಲ್ಲಿ ಬರೆದೆ. ನನ್ನ ಯಜಮಾನರು ಕೂಡಿಟ್ಟಿದ್ದ ಟ್ರಾಮ್ ಫೋಟೋಗಳು ಅವು. ಅಮೆರಿಕದಲ್ಲಿ ಟ್ರಾಮಿಗೆ ಟ್ರಾಲಿ ಎನ್ನುತ್ತಾರೆಂದು ಹೇಳಿಕೊಟ್ಟವರೂ ಅವರೇ. ಅವರು ಹೋಗಿ ವರ್ಷವಾಯಿತು. ನೋಡಿ ಸಂತೋಷಪಡುವವರ ಕೈಗೆ ಫೋಟೋಗಳು ಸೇರಲಿ ಎಂದುಕೊಂಡಿದ್ದೆ.

ಹತ್ತೇ ನಿಮಿಷಕ್ಕೆ ಮೇಲಿನ ಫ್ಲ್ಯಾಟಿನ ಫೆಲಿಕ್ಸ್ ಬಂದ. ನಾಳೆ ರಜೆಗೆ ಮಂಗಳೂರಿಗೆ ಹೊರಟವನು.

"ಚಕ್ರ ಗಟ್ಟಿ ಉಂಟಲ್ಲ ಅಕ್ಕ?"

"ಕಬ್ಬಿಣದ್ದು."

"ಕಬ್ಬಿಣದ್ದಾ? ಎಷ್ಟು ಕಿಲೋ ಹಿಡಿತದೆ?"

"ಕಿಲೋ ಗೊತ್ತಿಲ್ಲ. ನಲವತ್ತು ಜನ ಕೂರಬಹುದು."

ಆಲ್ಬಮ್ ತೆರೆದು ತೋರಿಸಿದೆ. ಅವನು ಫೋಟೋ ನೋಡಿದ, ನನ್ನನ್ನು ನೋಡಿದ. "ನಾನು ಎಣಿಸಿದ್ದು ಬ್ಯಾಗಿನ ಟ್ರಾಲಿ ಅಕ್ಕ. ನನ್ನದರ ಹಿಡಿ ಮುರಿದಿದೆ."

ಇಬ್ಬರೂ ಕುಳಿತು ನಕ್ಕೆವು. ಈ ಮನೆಯಲ್ಲಿ ಹಾಗೆ ನಕ್ಕು ವರ್ಷವಾಗಿತ್ತು. ಕೊನೆಗೆ ಮಂಚದಡಿಯಿಂದ ಯಜಮಾನರ ನೀಲಿ ಟ್ರಾಲಿ ಬ್ಯಾಗ್ ಎಳೆದು ಅವನಿಗೆ ಕೊಟ್ಟೆ. ಅದನ್ನು ಯಾರಿಗೂ ಕೊಡಬಾರದು ಎಂದುಕೊಂಡಿದ್ದೆ.

ಗ್ರೂಪಿನಲ್ಲಿ "ಟ್ರಾಲಿ ಖಲಾಸ್" ಎಂದು ಬರೆದಿದ್ದೇನೆ. ನಲವತ್ತು ಜನರ ಟ್ರಾಲಿಗಳು ಮಾತ್ರ ಇನ್ನೂ ಟೀಪಾಯಿಯ ಮೇಲಿವೆ. ಸೀಟು ಬೇಕಾದವರು ಸಂಜೆ ಚಹಾಕ್ಕೆ ಬನ್ನಿ.