ಕಂಬದೊಳಗಿನ ಚಹಾ

ಇಂದು ಬೆಳಿಗ್ಗೆ ಕೂಕಟ್‌ಪಲ್ಲಿಯ ನಮ್ಮ ಫ್ಲ್ಯಾಟಿನಲ್ಲಿ ಶುಂಠಿ ಚಹಾದ ವಾಸನೆ ಬಂದದ್ದೇ ತಡ, ನನ್ನ ಎದೆ ಧಸಕ್ಕೆಂದಿತು. ನಗಬೇಡಿ. ಅಮ್ಮನ ಸಕ್ಕರೆ ಪರೀಕ್ಷೆ ಇವತ್ತು, ಖಾಲಿ ಹೊಟ್ಟೆಯಲ್ಲಿ ಮಾಡಿಸಬೇಕಾದದ್ದು. "ನಿನಗ ಮಾಡೀನವಾ, ಕುಡಿ," ಎಂದಳು ಅಮ್ಮ.

ಚಹಾಕ್ಕೆ ನಾನು ಹೆದರತೊಡಗಿದ್ದು ಸಂಶೋಧನಾ ವಿದ್ಯಾರ್ಥಿನಿಯಾಗಿದ್ದಾಗ. ಮಣಿಕೊಂಡದಲ್ಲಿ ಕಟ್ಟಡ ಕೆಲಸ ಮಾಡುವ ಹೆಂಗಸರ ಖಾಲಿ ಹೊಟ್ಟೆಯ ರಕ್ತದ ಸಕ್ಕರೆಯನ್ನು ಅಲ್ಲಿನ ಆಫೀಸಿನ ಹೆಂಗಸರದ್ದರ ಜೊತೆ ಹೋಲಿಸುತ್ತಿದ್ದೆವು. ಕಟ್ಟಡದವರು ಯಾದಗಿರಿ ಕಡೆಯವರು. ನಮ್ಮ ತೆಲುಗು ತಂಡದಲ್ಲಿ ಕನ್ನಡ ಬರುತ್ತಿದ್ದವಳು ನಾನೊಬ್ಬಳೇ. "ಏನರೆ ತಿಂದೀರೇನ್ರಿ?" ಎಂದು ಕೇಳುತ್ತಿದ್ದೆ. "ಇಲ್ರಿ," ಎನ್ನುತ್ತಿದ್ದರು. ಬರೆದುಕೊಳ್ಳುತ್ತಿದ್ದೆ.

ಕೊನೆಗೆ ಎರಡು ಗುಂಪಿಗೆ ಗ್ರಾಫಿನಲ್ಲಿ ಎರಡು ಕಂಬ ಬರೆದೆ. ಕಂಬದ ಎತ್ತರ ಆ ಗುಂಪಿನ ಸರಾಸರಿ. ಕಟ್ಟಡದವರದು ಎತ್ತರದ್ದು. ಗೈಡ್ ಮೇಡಂ ಮೆಚ್ಚಿದರು. ವಾರದೊಳಗೆ ಲೇಖನ ಕಳಿಸುವುದಿತ್ತು.

ಮಡಿಚಿಟ್ಟ ಬಟ್ಟೆಯನ್ನೂ ಬಿಚ್ಚಿ ನೋಡುವ ಸ್ವಭಾವ ನನ್ನದು. ಕಂಬ ಅಳಿಸಿ, ಒಬ್ಬೊಬ್ಬರಿಗೆ ಒಂದೊಂದು ಚುಕ್ಕಿ ಇಟ್ಟೆ. ಕಟ್ಟಡದವರ ಚುಕ್ಕಿಗಳು ಎರಡು ಪಾಲಾದವು: ಕೆಲವು ಕೆಳಗೆ, ಆಫೀಸಿನವರ ಮಟ್ಟದಲ್ಲೇ, ಉಳಿದವು ಬಹಳ ಮೇಲೆ. ನಡುವೆ, ನನ್ನ ಸರಾಸರಿ ಇದ್ದ ಜಾಗದಲ್ಲಿ, ಒಬ್ಬರೂ ಇರಲಿಲ್ಲ.

ಮರುದಿನ ಮಣಿಕೊಂಡಕ್ಕೆ ಹೋದೆ. ಮೇಲಿನ ಚುಕ್ಕಿಗಳಲ್ಲೊಬ್ಬರಾದ ಮಲ್ಲಮ್ಮ ಇಟ್ಟಿಗೆ ಹೊರುತ್ತಿದ್ದರು.

"ಅವತ್ತ ಖರೇನ ಏನೂ ತಿಂದಿದ್ದಿಲ್ಲೇನ್ರಿ?"

"ಇಲ್ರಿ ಅಕ್ಕಾರ. ಬರೇ ಚಹಾ ಕುಡದಿದ್ದೆ."

"ಸಕ್ಕರಿ ಹಾಕಿದ್ದು?"

"ಸಕ್ಕರಿ ಇಲ್ದ ಅದೇನ್ ಚಹಾರಿ? ವಾರ ಹಿಡದು ಉಪಾಸ ಇದ್ದಾಗೂ ಚಹಾ ನಡೀತೈತಿ. ನೀವು ತಿಂದದ್ದ ಕೇಳಿದ್ರಿ, ಕುಡದದ್ದ ಎಲ್ಲಿ ಕೇಳಿದ್ರಿ?" ಪಕ್ಕದವರು ಕಿಸಕ್ಕೆಂದರು.

ನನ್ನಮ್ಮನೂ ಸೋಮವಾರದ ಉಪವಾಸದಲ್ಲಿ ಮೂರು ಸಲ ಚಹಾ ಕುಡಿಯುವವಳು. ಆ ಮನೆಯಲ್ಲೇ ಬೆಳೆದವಳಿಗೆ ಇದು ಹೊಳೆದಿರಲಿಲ್ಲ.

ಮೇಡಂ ಕೋಣೆಯ ಹೊರಗೆ ಬಾಟಲಿಯ ನೀರೆಲ್ಲ ಖಾಲಿ ಮಾಡಿ, ಒಳಗೆ ಹೋಗಿ ಚುಕ್ಕಿಗಳ ಹಾಳೆ ಇಟ್ಟೆ. ಮಲ್ಲಮ್ಮ ಹೇಳಿದ ಚಹಾದ ಮಾತು ತಿಳಿಸಿದಾಗ ಅವರು ಹಾಳೆಯಿಂದ ತಲೆ ಎತ್ತಿದರು.

"ಪ್ರಶ್ನೆ ಕೇಳಿದವರು ಯಾರು?"

"ನಾನೇ."

ಲೇಖನ ನಿಂತಿತು. ಈ ಸಲ ಚಹಾವನ್ನೂ ಕೇಳಿ, ಎಲ್ಲರ ರಕ್ತವನ್ನೂ ಮತ್ತೆ ತೆಗೆದೆವು. ಕಂಬಗಳ ಅಂತರ ಕರಗಿಹೋಯಿತು. ಜೊತೆಗೆ ನನ್ನದೊಂದು ವರ್ಷ.

ಇಂದು ಲ್ಯಾಬಿನಲ್ಲಿ ರಕ್ತ ತೆಗೆಯುವಾಕೆ, ಏನಾದರೂ ತಿಂದಿದ್ದೀರಾ ಎಂಬ ನನ್ನ ಹಳೆಯ ಪ್ರಶ್ನೆಯನ್ನೇ ತೆಲುಗಿನಲ್ಲಿ ಕೇಳಿದಳು: "ಏಮೈನಾ ತಿನ್ನಾರಾ ಅಮ್ಮಾ?"

"ಲೇದು," ಎಂದು ಅಡ್ಡಡ್ಡ ತಲೆಯಾಡಿಸಿದಳು ಅಮ್ಮ.

"ಚಹಾ?" ಎಂದೆ ನಾನು.

ಅಮ್ಮ ಗೋಡೆ ನೋಡಿದಳು. "ಎರಡ ಗುಟುಕು. ರುಚಿ ನೋಡಾಕ."

ಲ್ಯಾಬಿನಾಕೆ ಸೂಜಿ ಕೆಳಗಿಟ್ಟಳು. "ಮಂದಿ ಮುಂದ ಮಾನ ಕಳದಿ," ಎಂದು ಅಮ್ಮ ಗೊಣಗುತ್ತಿದ್ದಂತೆ, ಆಕೆ ಕಾದು ಕುಳಿತವರತ್ತ ತಿರುಗಿ, ಚಹಾ ಕುಡಿದು ಬಂದವರು ಯಾರಾದರೂ ಇದ್ದೀರಾ ಎಂದು ಕೇಳಿದಳು.

ಮೂವರು ಮೆಲ್ಲನೆ ಎದ್ದು ನಿಂತರು.