ಚಂದ್ರಿಕೆ ಕಡ್ಡಿಯ ಐಸ್ ಕ್ಯಾಂಡಿ

ಇವತ್ತು ಬೆಳಿಗ್ಗೆ ಸಂಪು ತೊಳೆಯಲೆಂದು ಬ್ಲೀಚಿಂಗ್ ಪೌಡರಿನ ಡಬ್ಬಿ ತೆಗೆದೆ. ಘಾಟು ಮೂಗಿಗೆ ಬಡಿಯಿತು, ನೆನಪಾದದ್ದು ಮಾತ್ರ ಹಿಪ್ಪುನೇರಳೆ ಹಣ್ಣಿನ ಹುಳಿ. ಎರಡಕ್ಕೂ ಏನು ಸಂಬಂಧ ಅಂತ ನಿಮಗೆ ಅನ್ನಿಸಬಹುದು. ಹೇಳುತ್ತೇನೆ, ಆದರೆ ನಾಚಿಕೆ ಬಿಟ್ಟು ಹೇಳಬೇಕು.

ಬೂದಿಗೆರೆ ಹತ್ತಿರ ನನ್ನ ತಮ್ಮ ರೇಷ್ಮೆ ಹುಳು ಸಾಕುತ್ತಾನೆ. ಬೇಸಿಗೆ ರಜೆ ಬಂತೆಂದರೆ ನಾನು ಅಲ್ಲಿ ಹಾಜರು. ಸಾರಿಗೆ ಉಪ್ಪೆಷ್ಟು ಎನ್ನುವುದರಿಂದ ಹಿಡಿದು ಕೆಮ್ಮಿಗೆ ಏನು ಮದ್ದು ಎನ್ನುವವರೆಗೆ ಯಾರೂ ಕೇಳದೆ ಬುದ್ಧಿ ಹೇಳುವುದು ನನ್ನ ಅಭ್ಯಾಸ. ಆ ವರ್ಷ ತಮ್ಮನ ಮಗಳು ಚಿನ್ನಿಗೆ ಒಂಬತ್ತು ವರ್ಷ. ಹೊಸದಾಗಿ ಎದ್ದ ಅಪಾರ್ಟ್‌ಮೆಂಟಿನ ಮೂವರು ಹುಡುಗಿಯರು ಅವಳ ಕ್ಲಾಸಿನವರು. "ಹುಳ ತಿನ್ನೋ ಗಿಡದ ಹಣ್ಣು ತಿಂತೀಯಾ? ಛೀ!" ಅಂದಿದ್ದರಂತೆ. ಚಿನ್ನಿ ಅಳಲಿಲ್ಲ. ಆ ಹಣ್ಣಿನಲ್ಲೇ ಐಸ್ ಕ್ಯಾಂಡಿ ಮಾಡಿ ಕೊಡುತ್ತೇನೆ, ನಾಳೆ ನಾಲ್ಕು ಗಂಟೆಗೆ ಬನ್ನಿ ಎಂದು ಮೂವರನ್ನೂ ಕರೆದು ಬಂದಿದ್ದಳು.

"ಅತ್ತೆ, ಅವ್ರು ತಿನ್ಲೇಬೇಕು," ಅಂದಳು.

ಬೇಲಿಯ ಪಕ್ಕ ಹುಳುವಿನ ಸೊಪ್ಪಿಗೆ ಕಡಿಯದೆ ಹಾಗೇ ಬಿಟ್ಟಿದ್ದ ಎರಡು ಹಿಪ್ಪುನೇರಳೆ ಗಿಡ ಮರವಾಗಿ ಕರ್ರಗೆ ಹಣ್ಣು ಬಿಟ್ಟಿದ್ದವು. ಕಿತ್ತು, ತೊಳೆದು, ಸಕ್ಕರೆ ನಿಂಬೆರಸ ಹಾಕಿ ಕಿವುಚಿ, ಸ್ಟೀಲ್ ಲೋಟಗಳಿಗೆ ಸುರಿದು ಫ್ರೀಜರಿನಲ್ಲಿಟ್ಟೆವು. ಕಡ್ಡಿ ಬೇಕಲ್ಲ? ಹಿತ್ತಲಲ್ಲಿ ಒಂದು ಮುರುಕಲು ಚಂದ್ರಿಕೆ ಬಿದ್ದಿತ್ತು, ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ. ಅದರ ಸೀಳುಗಳು ಹೇಳಿ ಮಾಡಿಸಿದ ಹಾಗಿದ್ದವು. ನಾನೇ ಮುರಿದು ತಂದು ಲೋಟಕ್ಕೊಂದು ನೆಟ್ಟೆ. ಚಿನ್ನಿಗೆ ತೋರಿಸಿ ಜಂಬವನ್ನೂ ಕೊಚ್ಚಿಕೊಂಡೆ.

ಮಾರನೆಯ ದಿನ ಮಧ್ಯಾಹ್ನ ತಮ್ಮ ಐಸ್ ತೆಗೆಯಲು ಹೋದವನು ಕೂಗಿಕೊಂಡ. "ಯಾರು ಈ ಕಡ್ಡಿ ಹಾಕಿದ್ದು? ಮೊನ್ನೆ ತಾನೆ ಹುಳದ ಮನೆಗೆ ಔಷಧಿ ಹೊಡ್ದಿದೀನಿ. ಚಂದ್ರಿಕೆಗೆಲ್ಲ ಬ್ಲೀಚಿಂಗ್ ನೀರು ಬಿದ್ದೈತೆ!"

ಚಿನ್ನಿ ಒಮ್ಮೆ ನನ್ನ ಮುಖ ನೋಡಿದಳು.

"ನಾನೇ ಅಪ್ಪ," ಅಂದಳು.

ಬೈಗುಳವೆಲ್ಲ ಅವಳಿಗೇ ಬಿತ್ತು. ಬುದ್ಧಿ ಹೇಳುವ ನಾನು ಸೆರಗಿಗೆ ಕೈ ಒರೆಸುತ್ತ ನಿಂತೆ. ಅವಳು ಎಲ್ಲವನ್ನೂ ತಿಪ್ಪೆಗೆ ಸುರಿದು, ಲೋಟ ತಿಕ್ಕಿ ತೊಳೆದು, ಬುಟ್ಟಿ ಹಿಡಿದು ಉರಿಬಿಸಿಲಿಗೆ ಹೊರಟೇಬಿಟ್ಟಳು. "ಬಾ ಅತ್ತೆ, ಇನ್ನೊಂದ್ಸಲ ಮಾಡಣ."

ನಾಲ್ಕಕ್ಕೆ ಹುಡುಗಿಯರು ಬಂದಾಗ ಲೋಟದಲ್ಲಿ ಇನ್ನೂ ನೀರೇ. "ಮೊದ್ಲು ಮಾಡಿದ್ದು ಹಾಳಾಗೋಯ್ತು. ಕೂತ್ಕೊಳಿ, ಆಗತ್ತೆ," ಎಂದು ಚಿನ್ನಿ ಬಾಗಿಲಿಗೆ ಅಡ್ಡ ಕೂತಳು. ಎರಡು ಗಂಟೆ ಹೊತ್ತು ಒಬ್ಬರನ್ನೂ ಏಳಗೊಡಲಿಲ್ಲ. ಕೊನೆಗೆ ಅರೆಬರೆ ಗಟ್ಟಿಯಾದದ್ದನ್ನು ಚಮಚದಲ್ಲಿ ಕೆರೆದು ಕೊಟ್ಟಳು. ಮೂವರ ನಾಲಿಗೆಯೂ ನೇರಳೆಯಾಯಿತು, ಒಬ್ಬಳಂತೂ ಇನ್ನೊಂದು ಲೋಟ ಕೇಳಿದಳು. ಚಿನ್ನಿ ಗೆದ್ದಿದ್ದಳು.

ಈಗ ಅವಳು ಪಿಯುಸಿ. ಇವತ್ತಿಗೂ ಅವಳು ಒಲೆಯ ಮುಂದೆ ನಿಂತರೆ ಸಾಕು, "ಹುಷಾರು, ಔಷಧಿ ಕಡ್ಡಿ ಹಾಕ್ಬಿಟ್ಟಾಳು" ಎಂದು ಮನೆಮಂದಿಯೆಲ್ಲ ರೇಗಿಸುತ್ತಾರೆ. ಅವಳು ನಗುತ್ತಾಳೆ, ನನ್ನ ಹೆಸರನ್ನು ಮಾತ್ರ ಒಮ್ಮೆಯೂ ಹೇಳಿಲ್ಲ. ಇಷ್ಟು ವರ್ಷ ಅವರ ಜೊತೆ ನಾನೂ ನಕ್ಕಿದ್ದೇನೆ. ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಕೈ ತೊಳೆದುಕೊಂಡು ತಮ್ಮನಿಗೆ ಫೋನ್ ಮಾಡಿದೆ.

"ಐಸ್ ಕ್ಯಾಂಡಿಗೆ ಆ ಕಡ್ಡಿ ಹಾಕಿದ್ದು ನಾನು ಕಣೋ. ಚಿನ್ನಿ ಅಲ್ಲ."

"ಅದ್ಯಾಕಕ್ಕ ಈಗ? ಹೋಗ್ಲಿ ಬಿಡು."

"ಬಿಡಲ್ಲ. ಅವಳನ್ನ ಕರಿ, ಎಲ್ರನ್ನೂ ಕರಿ. ಫೋನ್ ಸ್ಪೀಕರಿಗೆ ಹಾಕು," ಅಂದೆ.