ಬಾಡುವ ಚುಕ್ಕಿಗಳ ನಕ್ಷೆ

ಹಂಗಳದ ಹೊರಗೆ ಇನ್ನೂ ಪೂರ್ತಿ ಬೆಳಕಾಗಿಲ್ಲ. ಗೋಪಾಲಸ್ವಾಮಿ ಬೆಟ್ಟ ಮಂಜಿನೊಳಗೆ ಇದೆಯೋ ಇಲ್ಲವೋ ಎಂಬಂತಿದೆ. ಹುರುಳಿ ಹೊಲದ ಬದುವಿನ ಮೇಲೆ ನೆರಿಗೆ ಎತ್ತಿ ಕಟ್ಟಿಕೊಂಡು, ಗಂಡನ ಸ್ವೆಟರ್ ತೊಟ್ಟು ಕುಮಾರಿ ನಡೆಯುತ್ತಿದ್ದಾರೆ. ದಾರಿಗೆ ಅಡ್ಡಲಾಗಿ ಒಂದು ಹೊಂಗೆ ಕೊಂಬೆ ಬಿದ್ದಿದೆ. ಕೂತು ಎಲೆ ಮುಟ್ಟಿ ನೋಡುತ್ತಾರೆ. ಇನ್ನೂ ಹಸಿ. ಕೈಯಲ್ಲಿನ ಜಿಪಿಎಸ್ ಯಂತ್ರದ ಗುಂಡಿ ಒತ್ತಿ ಆ ಜಾಗವನ್ನು ಗುರುತು ಮಾಡಿಕೊಳ್ಳುತ್ತಾರೆ.

ಇದು ಈ ಕಾಡಂಚಿನವರ ರೂಢಿ. ಇರುಳೆಲ್ಲ ಅಟ್ಟಣೆಯಲ್ಲಿ ಬೆಳೆ ಕಾದವರು ಕೆಳಗಿಳಿದಾಗ, ಆನೆ ದಾಟಿದ ಕಡೆ ಹಸಿ ಕೊಂಬೆ ಮುರಿದು ಹಾಕುತ್ತಾರೆ, ತುದಿ ಆನೆ ಹೋದ ದಿಕ್ಕಿಗೆ. ಅದನ್ನು ಯಾರೂ ತೆಗೆಯುವುದಿಲ್ಲ. ಎಲೆ ಬಾಡಿದ್ದರೆ ಹಳೇ ಸುದ್ದಿ. ಹಸಿರಾಗಿದ್ದರೆ ದನ ಹೊಡೆದುಕೊಂಡು ಅತ್ತ ಹೋಗುವಂತಿಲ್ಲ.

ಉಮ್ಮತ್ತೂರಿನಲ್ಲಿ ಹುಟ್ಟಿ ಗುಂಡ್ಲುಪೇಟೆಗೆ ಸೊಸೆಯಾಗಿ ಬಂದ ಕುಮಾರಿ, ಕಾಡಂಚಿನ ಹಳ್ಳಿಗಳಿಗಾಗಿ ದುಡಿಯುವ ಪುಟ್ಟ ಸಂಸ್ಥೆಯೊಂದಕ್ಕೆ ಕಾಗದ ಟೈಪ್ ಮಾಡಲು ಸೇರಿದವರು. ನಕ್ಷೆ ಬರೆಯುವ ಸಾಫ್ಟ್‌ವೇರ್ ಇದ್ದ ಕಂಪ್ಯೂಟರ್ ಬಂದಾಗ ಎಲ್ಲರೂ ದೂರದಿಂದಲೇ ಕೈಮುಗಿದರು. ಇವರು ಕೂತರು. ಕೂತವರು ಏಳಲಿಲ್ಲ. ಕೆರೆಗೆ ನೀಲಿ, ಹೊಲಕ್ಕೆ ಹಳದಿ, ಆನೆ ದಾರಿಗೆ ಕೆಂಪು ಚುಕ್ಕಿ ತುಂಬುತ್ತ ಊಟ ಮರೆತದ್ದೂ ಉಂಟು. ನಿದ್ದೆಯಲ್ಲೂ ಅದೇ ಗುಂಗು. "ನಕ್ಷೆ ಮೇಲೆ ನಡ್ಕೊಂಡೋಯ್ತಿರ್ತೀನಿ ಕಣಣ್ಣ. ಬಣ್ಣ ಇನ್ನೂ ಒಣಗಿರಲ್ಲ, ಅಂಗಾಲಿಗೆ ಅಂಟ್ಕತದೆ," ಎನ್ನುತ್ತಾರೆ.

ವಾರಕ್ಕೊಮ್ಮೆ ಆ ನಕ್ಷೆಯನ್ನು ಪ್ರಿಂಟ್ ತೆಗೆದು ಹಂಗಳದ ಹಾಲಿನ ಡೈರಿ ಗೋಡೆಗೆ ಅಂಟಿಸುತ್ತಿದ್ದರು. ಊರಿನಲ್ಲಿ ದನ ಮೇಯಿಸುವ, ಓದು ಬಾರದ ಸಣ್ಣತಾಯಮ್ಮನಿಗೂ ಕೆಂಪು ಚುಕ್ಕಿ ತಿಳಿಯುತ್ತಿತ್ತು. ಕಳೆದ ಮಳೆಗಾಲದಲ್ಲಿ ಕರೆಂಟು ಕೈಕೊಟ್ಟು ಹೊಸ ಹಾಳೆ ಬರುವುದು ತಡವಾಯಿತು. ಸಣ್ಣತಾಯಮ್ಮ ಹಳೆಯದನ್ನೇ ನೋಡಿ, ಹಳ್ಳದ ಕಡೆ ಚುಕ್ಕಿ ಇಲ್ಲವೆಂದು ಅತ್ತ ದನ ಹೊಡೆದುಕೊಂಡು ಹೋದರು. ಕುಮಾರಿ ಬರೆದಿದ್ದಾಳಲ್ಲ ಎಂಬ ಧೈರ್ಯಕ್ಕೆ ಕೊಂಬೆ ಹುಡುಕುವ ಗೋಜಿಗೂ ಹೋಗಲಿಲ್ಲ. ಹಳ್ಳದಲ್ಲಿ ಆನೆಯಿತ್ತು. ಓಡುವಾಗ ಬಿದ್ದು ಕಾಲು ಮುರಿಯಿತು. ಆಸ್ಪತ್ರೆಗೆ ನೋಡಲು ಹೋದ ಕುಮಾರಿಗೆ ಆಕೆ ಬೈಯಲಿಲ್ಲ. "ಗ್ವಾಡೆ ಮ್ಯಾಲಿಂದು ಬಾಡಲ್ವಲ್ಲ ಕಣಮ್ಮಿ," ಎಂದಷ್ಟೇ ಅಂದರು. ಅಂದಿನಿಂದ ಡೈರಿಗೆ ಬಂದರೂ ಆ ಗೋಡೆಯತ್ತ ಮುಖ ತಿರುಗಿಸುತ್ತಿರಲಿಲ್ಲ. ಕುಮಾರಿಗೆ ಅನ್ನ ಸೇರದ ದಿನಗಳು ಅವು.

ಈ ವರ್ಷ, ಎರಡು ಸಾವಿರದ ಒಂಬತ್ತರಲ್ಲಿ, ಹಳೇ ಸಾಫ್ಟ್‌ವೇರ್ ಬದಲಿಸುವ ಮಾತು ಬಂತು. ಸಂಸ್ಥೆಯ ಚಾಮರಾಜನಗರ ಕಚೇರಿಯ ರೇವಂತ್ ಇಂಟರ್‌ನೆಟ್ ಮೇಲೇ ನಕ್ಷೆ ಇಡೋಣ, ಯಾವ ಊರಲ್ಲಿ ಬೇಕಾದರೂ ತೆರೆಯಬಹುದು, ಇದಕ್ಕೆ ಕ್ಲೌಡ್ ಅಂತಾರೆ ಅಂದ. ಮುಖ್ಯಸ್ಥ ಗುರುಪಾದಸ್ವಾಮಿ ಕಿಟಕಿಯಾಚೆಯ ಮೋಡ ತೋರಿಸಿ, ಅದನ್ನು ನಂಬಿ ರಾಗಿ ಬಿತ್ತುವುದೇ ಕಷ್ಟ ಎಂದು ನಕ್ಕರು. ಅವರ ಅಂಜಿಕೆ ಸುಳ್ಳಲ್ಲ. ನೆಟ್ ಯಾವಾಗ ಇರುತ್ತದೋ ಯಾವಾಗ ಇಲ್ಲವೋ. ಮರಿಯಾನೆಗಳು ನೀರಿಗಿಳಿಯುವ ಗುಂಡಿಗಳು ಯಾವ ಬೇಟೆಗಾರರ ಕಣ್ಣಿಗೆ ಬೀಳುತ್ತವೋ. ನಮ್ಮ ಕಂಪ್ಯೂಟರಿನಲ್ಲಿದ್ದರೆ ನಮ್ಮ ಬಾಗಿಲೊಳಗೆ ಇರುತ್ತದೆ ಎಂಬುದು ಅವರ ವಾದ.

ಕುಮಾರಿಗೂ ಆ ಬಾಗಿಲೊಳಗೇ ಇರುವ ಆಸೆ. ನಕ್ಷೆ ನೆಟ್‌ಗೆ ಹೋದರೆ ಬಣ್ಣ ತುಂಬುವ ಕೆಲಸ ಚಾಮರಾಜನಗರಕ್ಕೆ ಹೋಗುತ್ತದೆ, ತನ್ನ ಕುರ್ಚಿ ಖಾಲಿಯಾಗುತ್ತದೆ ಎಂದು ಗೊತ್ತಿತ್ತು. ಆದರೂ ರೇವಂತ್‌ನನ್ನು ಒಂದೇ ಒಂದು ಮಾತು ಕೇಳಿದರು: ಚುಕ್ಕಿ ತಂತಾನೇ ಬಾಡುತ್ತದೆಯೇ? ಆತ ಒದ್ದಾಡಿ ಮಾಡಿ ತೋರಿಸಿದ. ಇವತ್ತಿನದು ಕಡುಗೆಂಪು, ನಿನ್ನೆಯದು ಮಾಸಲು, ಮೊನ್ನೆಯದು ಮಾಯ. "ಇದೇ ಬೇಕು ಸಾ. ನೀರಿನ್ ಗುಂಡಿಗಳು ನಮ್ಮ ಕಂಪ್ಯೂಟರ್ನಾಗೇ ಇರ್ಲಿ. ದಾರಿ ಮಾತ್ರ ನೆಟ್‌ಗೆ ಬುಟ್ಬುಡಿ," ಎಂದು ಸಭೆಯಲ್ಲಿ ಹೇಳಿದವರು ಹೊರಗೆ ಬಂದು ಅತ್ತರಂತೆ. ತೀರ್ಮಾನ ಹಾಗೇ ಆಯಿತು. ಈಗ ಕುಮಾರಿಯ ಪಾಲಿಗೆ ಉಳಿದಿರುವುದು ಈ ಮುಂಜಾವದ ನಡಿಗೆ.

ಮಂಜು ಸರಿಯುವ ಹೊತ್ತಿಗೆ ಡೈರಿ ಪಕ್ಕದ ಮಾದೇಶನ ಅಂಗಡಿಯಲ್ಲಿ ಚುಕ್ಕಿಗಳು ಒಂದೊಂದಾಗಿ ಕಂಪ್ಯೂಟರ್ ಪರದೆಗೆ ಏರುತ್ತವೆ. ನೆಟ್ ಇಲ್ಲದ ದಿನ ಮಾದೇಶ ಕುಮಾರಿಯನ್ನು ಕೇಳಿಕೊಂಡು ಸೀಮೆಸುಣ್ಣದಲ್ಲಿ ಹಲಗೆಗೆ ಬರೆಯುತ್ತಾನೆ. ಸಣ್ಣತಾಯಮ್ಮ ಒಂದು ಸಲ ಬಂದು ನೋಡಲಿ, ಅದಕ್ಕಿಂತ ಹೆಚ್ಚು ಏನೂ ಬೇಡ ಎನ್ನುತ್ತಿದ್ದ ಕುಮಾರಿ, ಮಾತು ಅರ್ಧಕ್ಕೇ ನಿಲ್ಲಿಸುತ್ತಾರೆ. ಊರುಗೋಲು ಹಿಡಿದ ಸಣ್ಣತಾಯಮ್ಮ ಅಂಗಡಿಯ ಮುಂದೆ ನಿಂತು ಒಳಗೆ ಇಣುಕುತ್ತಿದ್ದಾರೆ. ಹಿಂದೆ ಎರಡು ದನ.

"ಇವತ್ತಿಂದೇಯಾ?"

"ಇವತ್ತಿಂದೇ ಕಣವ್ವ. ಈಗ್ ತಾನೇ ನೋಡ್ಕಂಡ್ ಬಂದೆ."

ಸಣ್ಣತಾಯಮ್ಮ ದನಗಳನ್ನು ಚುಕ್ಕಿಯಿಲ್ಲದ ಕೆರೆಯ ಕಡೆಗೆ ತಿರುಗಿಸುತ್ತಾರೆ.